ಋಣವಿಲ್ಲದ ಮನೆಯೇ ದಾಸೋಹದ ಮನೆ



ತನುವನ್ನು ಗುರುವಿಗೆ, ಮನವನ್ನು ಲಿಂಗಕ್ಕೆ, ಧನವನ್ನು ಜಂಗಮಕ್ಕೆ ಸವೆಸಬೇಕೆಂಬುದು ಬಸವಾದಿ ಶರಣರು ತೋರಿದ ಹಾದಿ. ಪ್ರವಚನಗಳಲ್ಲಿ ಈ ಮಾತನ್ನು ಕೇಳದ ಸದ್ಭಕ್ತರಿಲ್ಲ. ಆದರೆ ಸಾಲದಲ್ಲಿ ಮುಳುಗಿದ ಮನೆಯಲ್ಲಿ ಈ ಮೂರರ ಗತಿ ಏನಾಗಿದೆ ಎಂಬುದನ್ನು ಪ್ರವಚನದ ಪೀಠದಿಂದ ಅಷ್ಟಾಗಿ ಕೇಳುವವರಿಲ್ಲ. ಅಲ್ಲಿ ತನು ಬಡ್ಡಿಗಾಗಿ ದುಡಿಯುತ್ತದೆ. ಮನ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದ ಹೊತ್ತಿನಲ್ಲಿಯೂ ಬಾಗಿಲ ಕಡೆಗೆ ಕಿವಿಗೊಟ್ಟಿರುತ್ತದೆ. ಹೊರಗೆ ಬೈಕಿನ ಸದ್ದು ಕೇಳಿದರೆ ಕಂತಿನವನು ಬಂದನೇನೋ ಎಂದು ಎದೆ ನಡುಗುತ್ತದೆ. ಧನವಂತೂ ಕೈಗೆ ಬರುವ ಮೊದಲೇ ಇನ್ನೊಬ್ಬರದಾಗಿರುತ್ತದೆ. ಹೀಗೆ ಮೂರನ್ನೂ ಅಡವಿಟ್ಟ ಭಕ್ತನು ಗುರು-ಲಿಂಗ-ಜಂಗಮಕ್ಕೆ ಏನನ್ನು ಅರ್ಪಿಸಬಲ್ಲನು?

ಆದುದರಿಂದ ಮನೆಯ ಸಾಲವನ್ನು ತೀರಿಸುವುದು ಮತ್ತು ನಾಲ್ಕು ಕಾಸು ಉಳಿಸುವುದು ಕೇವಲ ಲೌಕಿಕ ಸಂಗತಿಯೆಂದು ಬದಿಗೆ ಸರಿಸತಕ್ಕದ್ದಲ್ಲ. ಅದು ಧರ್ಮಾಚರಣೆಯ ಒಂದು ಅಂಗ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಸೀಮೆಗಳ ಸದ್ಭಕ್ತರ ಬದುಕನ್ನು ಕಂಡವರಿಗೆ ಈ ಮಾತು ಅತಿಶಯವೆನಿಸದು.

2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರು ಬದಲಿಸಿಕೊಂಡ ಈ ನಾಡು ದುಡಿಮೆಯ ನಾಡು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾ ಖಂಡದಲ್ಲಿಯೇ ಹಿರಿದೆಂದು ಹೆಸರಾದುದು. ಚನ್ನಪಟ್ಟಣದ ಕುಶಲಕರ್ಮಿಗಳು ಆಲೆಮರದ ತುಂಡನ್ನು ಲೇತ್‌ಗೆ ಕೊಟ್ಟು, ಅರಗಿನ ಬಣ್ಣವೇರಿಸಿ ಬೊಂಬೆ ಮಾಡುತ್ತಾರೆ. ಕನಕಪುರ, ಮಾಗಡಿಗಳ ಹೊಲಗಳಲ್ಲಿ ರಾಗಿ, ಹಿಪ್ಪುನೇರಳೆ, ಮಾವು, ಕೊಟ್ಟಿಗೆಯಲ್ಲಿ ಹಸು. ಇಲ್ಲಿ ಸೋಮಾರಿಗಳಿಂದ ಸಾಲವಾಯಿತೆಂದು ಯಾರೂ ಹೇಳಲಾರರು. ಕಾಯಕ ತಪ್ಪದ ಮನೆಯಲ್ಲಿಯೇ ಸಾಲವಿದೆ ಎಂಬುದು ಇಲ್ಲಿನ ನೋವು.

ಇದಕ್ಕೆ ಒಂದು ಕಾರಣ ಹಣ ಬರುವ ಕಾಲಕ್ಕೂ ಹೋಗುವ ಕಾಲಕ್ಕೂ ಹೊಂದಿಕೆಯಿಲ್ಲದಿರುವುದು. ಚಾಕಿ ಹುಳು ತಂದು, ಸೊಪ್ಪು ಹಾಕಿ, ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುವವರೆಗೆ ರೇಷ್ಮೆ ಬೆಳೆಗಾರನ ಕೈಯಲ್ಲಿ ಕಾಸಿಲ್ಲ. ಬಂದಾಗ ಒಮ್ಮೆಗೇ ದೊಡ್ಡ ಮೊತ್ತ ಬರುತ್ತದೆ. ಹಾಲುಹುಳು ರೋಗವೋ ಸುಣ್ಣಕಟ್ಟು ರೋಗವೋ ತಗುಲಿದರೆ ಅದೂ ಇಲ್ಲ. ಮಾವಿನ ತೋಟದವನಿಗೆ ವರ್ಷಕ್ಕೊಂದೇ ಸುಗ್ಗಿ. ಎಷ್ಟೋ ಮಂದಿ ಮರ ಹೂಬಿಟ್ಟಾಗಲೇ ವ್ಯಾಪಾರಿಯಿಂದ ಮುಂಗಡ ಪಡೆದು ಫಸಲನ್ನು ಒಪ್ಪಿಸಿರುತ್ತಾರೆ. ಬೊಂಬೆ ಮಾಡುವವನಿಗೆ ದಸರೆಯ ಮುಂಚಿನ ತಿಂಗಳುಗಳು ಬಿರುಸು, ಉಳಿದ ದಿನಗಳು ಮಂದ. ಆದರೆ ಗುಂಪು ಸಾಲದ ಕಂತು ಮಾತ್ರ ವಾರ ವಾರವೂ ತಪ್ಪದೆ ಬಂದು ನಿಲ್ಲುತ್ತದೆ. ಬೆಳೆಯ ಲಯ ಒಂದು, ಕಂತಿನ ಲಯ ಮತ್ತೊಂದು. ಈ ಎರಡರ ನಡುವಿನ ಕಂದರವನ್ನು ಮುಚ್ಚಲು ಮತ್ತೊಂದು ಸಾಲ ಹುಟ್ಟುತ್ತದೆ.

ಮತ್ತೊಂದು ಕಾರಣ ಬೆಳೆಗಾರನ ಅಂಕೆಯಲ್ಲಿಲ್ಲದ ಬೆಲೆ. 2011ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದಾಗ ಚೀನಾದ ಅಗ್ಗದ ರೇಷ್ಮೆಯ ಎದುರು ಇಲ್ಲಿನ ಗೂಡಿನ ಬೆಲೆ ನೆಲಕಚ್ಚಿತು. 2025ರ ಬೇಸಗೆಯಲ್ಲಿ ತೋತಾಪುರಿ ಮಾವಿನ ಬೆಲೆ ಕುಸಿಯಿತು. ದೆಹಲಿಯಲ್ಲಿ ಬರೆದ ಒಂದು ಸಾಲು, ನೆರೆರಾಜ್ಯದ ಗಡಿಯಲ್ಲಿ ನಿಂತ ಒಂದು ಲಾರಿ ಮಾಗಡಿಯ ರೈತನ ಮನೆಯ ಒಡವೆಯನ್ನು ಗಿರವಿ ಅಂಗಡಿಗೆ ಕಳುಹಿಸಬಲ್ಲದು. ಇಂತಹ ಅಸ್ಥಿರ ದುಡಿಮೆಯ ಮೇಲೆ ಮದುವೆಯ ಖರ್ಚು, ಆಸ್ಪತ್ರೆಯ ಖರ್ಚು, ನೀರು ಬಾರದ ಕೊಳವೆಬಾವಿಯ ಖರ್ಚು ಬಂದು ಕುಳಿತಾಗ ಮನೆಯ ಬೆನ್ನು ಬಾಗದೆ ಇರುವುದು ಹೇಗೆ?

ಈ ಸಂಕಟ ನಿನ್ನೆ ಮೊನ್ನೆಯದಲ್ಲ. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರುಗಳಲ್ಲಿ ಕಿರುಸಾಲ ಸಂಸ್ಥೆಗಳಿಗೆ ಹಣ ಮರಳಿಸುವುದನ್ನು ಜನ ಸಾಮೂಹಿಕವಾಗಿ ನಿಲ್ಲಿಸಿದರು. ಒಂದೇ ಮನೆಯವರು ಏಕಕಾಲಕ್ಕೆ ಹಲವು ಸಂಸ್ಥೆಗಳಿಂದ ಸಾಲ ಪಡೆದಿದ್ದುದು ಆಗ ಬೆಳಕಿಗೆ ಬಂದಿತು. ಆದರೆ ಕಂತು ನಿಂತೊಡನೆ ಸಾಲದ ಬಾಗಿಲು ಮುಚ್ಚಿತೇ ವಿನಾ ಹಣದ ಅಗತ್ಯ ಮುಚ್ಚಲಿಲ್ಲ. ಹದಿನಾರು ವರ್ಷಗಳ ತರುವಾಯ, 2025ರ ಜನವರಿಯಲ್ಲಿ, ರಾಮನಗರವೂ ಸೇರಿದಂತೆ ರಾಜ್ಯದ ಹಲವು ಜಿಲ್ಲೆಗಳಿಂದ ಸಾಲ ವಸೂಲಿಯ ಕಿರುಕುಳ ತಾಳಲಾರದೆ ಪ್ರಾಣ ಕಳೆದುಕೊಂಡವರ, ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿಗಳು ಬಂದವು. ಅವರಲ್ಲಿ ಹೆಣ್ಣುಮಕ್ಕಳೇ ಅನೇಕರು. ಗುಂಪು ಸಾಲ ಇರುವುದು ಹೆಂಗಸರ ಹೆಸರಿನಲ್ಲಿ. ಹಣ ಖರ್ಚಾಗುವುದು ಹಲವು ವೇಳೆ ಗಂಡಸರ ಕೈಯಲ್ಲಿ. ಬಾಗಿಲಲ್ಲಿ ನಿಂತು ಅವಮಾನ ಉಣ್ಣುವವಳು ಮಾತ್ರ ತಾಯಿ.

ಅದೇ ವರ್ಷದ ಫೆಬ್ರುವರಿ 12ರಂದು ರಾಜ್ಯದಲ್ಲಿ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಜಾರಿಗೆ ಬಂದಿತು. ಮುಂದೆ ಅದು ವಿಧಾನಮಂಡಲದ ಒಪ್ಪಿಗೆ ಪಡೆದು ಕಾಯಿದೆಯಾಯಿತು. ಸಾಲಗಾರರನ್ನು ಹಿಂಸಿಸುವವರಿಗೆ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ನೋಂದಣಿ, ಪರವಾನಗಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲವು ತೀರಿದಂತೆಯೇ ಎಂದೂ ಅದು ಹೇಳುತ್ತದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳ ಸಾಲಕ್ಕೆ ಈ ಮನ್ನಾ ಅನ್ವಯಿಸದು. ಆದರೆ ಅವುಗಳಿಗೂ ರಿಸರ್ವ್ ಬ್ಯಾಂಕಿನ 2022ರ ಕಟ್ಟಳೆಗಳಿವೆ: ಒಂದು ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಅದರ ತಿಂಗಳ ಆದಾಯದ ಅರ್ಧವನ್ನು ಮೀರಕೂಡದು, ಬೆಳಗಿನ ಒಂಬತ್ತಕ್ಕೆ ಮೊದಲು, ಸಂಜೆಯ ಆರರ ನಂತರ ಸಾಲಗಾರರಿಗೆ ಕರೆ ಮಾಡಕೂಡದು, ಕಿರುಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕಕೂಡದು. ಇವನ್ನು ಪ್ರತಿಯೊಬ್ಬ ಭಕ್ತನೂ ಭಕ್ತೆಯೂ ತಿಳಿದಿರುವುದು ಒಳಿತು.

ಕಾಯಿದೆ ಬಾಗಿಲಲ್ಲಿ ನಿಂತವನನ್ನು ದೂರ ಸರಿಸಬಲ್ಲದು. ಮನೆಯೊಳಗಿನ ಸಾಲವನ್ನು ತೀರಿಸುವ ಕೆಲಸ ಮನೆಯವರದೇ. ಇಲ್ಲಿ ಶರಣರ ಮಾರ್ಗದರ್ಶನ ಬೇಕಾಗುತ್ತದೆ. ಅಲ್ಲಿಯೇ ಒಂದು ಸಂದೇಹವೂ ಹುಟ್ಟುತ್ತದೆ.

ನಾಳೆಗೆಂದು ಹೊನ್ನನ್ನಾಗಲಿ ಬಟ್ಟೆಯನ್ನಾಗಲಿ ತಮಗಾಗಿ ಎತ್ತಿಡುವುದಿಲ್ಲವೆಂದು ಬಸವಣ್ಣನವರು ಆಣೆಯಿಟ್ಟು ಹೇಳಿದ ವಚನವುಂಟು. ಅದನ್ನು ಮುಂದಿಟ್ಟು ಕೆಲವರು ಕೇಳುತ್ತಾರೆ: ಶರಣರು ಸಂಗ್ರಹವನ್ನೇ ನಿರಾಕರಿಸಿದ ಮೇಲೆ ಉಳಿತಾಯ ಮಾಡೆಂದು ಭಕ್ತರಿಗೆ ಹೇಳುವುದು ಎಷ್ಟು ಸರಿ? ಶಿವನು ಕೊಟ್ಟಾನೆಂದು ನಂಬಿ ಬಂದುದನ್ನು ಬಂದಂತೆ ಕಳೆಯುವುದೇ ಭಕ್ತಿಯಲ್ಲವೇ? ಈ ಪ್ರಶ್ನೆ ಹಗುರವಾದುದಲ್ಲ. ಬಾಯಿಮಾತಿನ ಸಮಾಧಾನ ಇದಕ್ಕೆ ಸಾಲದು.

ಮೊದಲನೆಯದಾಗಿ, ನಾಳೆಗೆ ಎತ್ತಿಡದ ಆ ಶರಣರು ನಾಳಿನದನ್ನು ಇಂದೇ ಉಂಡವರೂ ಅಲ್ಲ. ಈ ಅರ್ಧವನ್ನು ಮರೆಯಲಾಗಿದೆ. ಸಾಲವೆಂದರೆ ಇನ್ನೂ ಮಾಡದ ಕಾಯಕದ ಫಲವನ್ನು ಇಂದೇ ಉಂಡುಬಿಡುವುದು. ಅಂದಂದಿನ ಕಾಯಕದಿಂದ ಅಂದಂದಿನ ಪ್ರಸಾದ, ಮಿಕ್ಕುದು ದಾಸೋಹಕ್ಕೆ ಎಂಬುದು ಶರಣರ ಕ್ರಮ. ಆ ಕ್ರಮವನ್ನು ನಾಳೆಗೆ ಕೂಡಿಟ್ಟು ಮುರಿಯುವವನು ಲೋಭಿಯಾದರೆ, ನಾಳೆಯಿಂದ ಎರವಲು ತಂದು ಮುರಿಯುವವನೂ ಅದೇ ಕ್ರಮವನ್ನು ಮತ್ತೊಂದು ತುದಿಯಿಂದ ಮುರಿದಂತೆಯೇ. ಸಾಲದ ಹಣದಲ್ಲಿ ಆಡಂಬರ ಮಾಡಿ, ಉಳಿತಾಯವಿಲ್ಲದಿರುವುದನ್ನೇ ವೈರಾಗ್ಯವೆಂದು ಕರೆದುಕೊಳ್ಳುವುದು ವಚನಕ್ಕೆ ಮಾಡುವ ಅಪಚಾರ.

ಎರಡನೆಯದಾಗಿ, ಆ ಮಾತನ್ನಾಡಿದವರು ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಭಂಡಾರಿ. ಭಂಡಾರದ ಹಣವನ್ನು ದಾಸೋಹಕ್ಕೆ ಬಳಸುತ್ತಿದ್ದಾರೆಂದು ಕೊಂಡೆಯರು ದೂರು ಕೊಟ್ಟಾಗ, ಲೆಕ್ಕ ತೆಗೆದು ನೋಡಲಾಗಿ ಒಂದು ಹಣವೂ ಕಡಿಮೆಯಿರಲಿಲ್ಲವೆಂದು ಪುರಾಣಗಳ ಪರಂಪರೆ ಹೇಳುತ್ತದೆ. ಲೆಕ್ಕದಲ್ಲಿ ಅಷ್ಟು ಶುದ್ಧವಾಗಿದ್ದವರು ಬಾಳಿನಲ್ಲಿ ಲೆಕ್ಕವೇ ಬೇಡವೆಂದು ಹೇಳಿರಲಾರರು. ಅವರು ಬೇಡವೆಂದುದು ತನಗೆಂಬ ಆಸೆಯನ್ನು.

ಮೂರನೆಯದಾಗಿ, ಕಲ್ಯಾಣದಲ್ಲಿ ಮಹಾಮನೆಯಿತ್ತು. ಕಾಯಕದಿಂದ ಬಂದುದರಲ್ಲಿ ಮಿಕ್ಕುದೆಲ್ಲ ದಾಸೋಹಕ್ಕೆ ಸೇರುತ್ತಿದ್ದ ಆ ಸಮಾಜದಲ್ಲಿ, ಕೈಸೋತ ಶರಣನಿಗೆ ಉಣ್ಣಲು ಒಂದು ಎಡೆಯಿತ್ತು. ಒಬ್ಬೊಬ್ಬನೂ ಕೂಡಿಡಬೇಕಾದ ಅಗತ್ಯವನ್ನು ಸಮುದಾಯವೇ ನೀಗಿತ್ತು. ಇಂದು ನಡುರಾತ್ರಿ ಕನಕಪುರದ ಹಳ್ಳಿಯೊಂದರಲ್ಲಿ ಎದೆನೋವು ಬಂದವನನ್ನು ಬೆಂಗಳೂರಿನ ಆಸ್ಪತ್ರೆಗೆ ಒಯ್ಯಬೇಕಾದಾಗ, ಅಲ್ಲಿ ಮುಂಗಡ ಕಟ್ಟಲು ಮಹಾಮನೆ ಇಲ್ಲ. ಮಹಾಮನೆಯನ್ನು ಕಟ್ಟದೆ ಮಹಾಮನೆಯವರ ವೈರಾಗ್ಯವನ್ನು ಮಾತ್ರ ಬಡವನಿಂದ ಬಯಸುವುದು ನ್ಯಾಯವಲ್ಲ.

ಹಾಗಾದರೆ ಉಳಿತಾಯಕ್ಕೂ ಲೋಭಕ್ಕೂ ಗೆರೆ ಎಲ್ಲಿದೆ? ಆ ಗೆರೆಯನ್ನು ಆಯ್ದಕ್ಕಿ ಲಕ್ಕಮ್ಮ ತಾಯಿ ಎಳೆದು ತೋರಿಸಿದ್ದಾಳೆ. ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಬೇಕಾದುದಕ್ಕಿಂತ ಹೆಚ್ಚಿನದು ತಮಗೆ ಸಲ್ಲದೆಂದು ಹೇಳಿ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು. ಈ ಕಥೆಯಲ್ಲಿ ಸಾಮಾನ್ಯವಾಗಿ ಆಸೆಯ ನಿರಾಕರಣೆಯನ್ನಷ್ಟೇ ಹೇಳಲಾಗುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಮನೆಗೆ ದಿನಕ್ಕೆ ಎಷ್ಟು ಅಕ್ಕಿ ಬೇಕೆಂಬುದು ಆಕೆಗೆ ಹಿಡಿಯಷ್ಟು ನಿಖರವಾಗಿ ಗೊತ್ತಿತ್ತು; ಗಂಡ ತಂದುದು ಎಷ್ಟು, ಎಲ್ಲಿಂದ ತಂದುದು ಎಂಬುದೂ ಗೊತ್ತಿತ್ತು. ಕೇಳುವ ಅಧಿಕಾರ ಆಕೆಗಿತ್ತು, ಕೇಳಿದಾಗ ಮಾರಯ್ಯನವರು ತಲೆಬಾಗಿ ನಡೆದರು. ಗಂಡ ಮಾಡಿದ ಕೈಸಾಲ ಹೆಂಡತಿಗೆ ತಿಳಿಯದ, ಹೆಂಡತಿ ಸೇರಿದ ಸಂಘದ ಸಾಲ ಗಂಡನಿಗೆ ತಿಳಿಯದ ಮನೆಗಳು ಇಂದು ಎಷ್ಟಿಲ್ಲ! ಲಕ್ಕಮ್ಮನ ಮನೆಯ ಮೊದಲ ಪಾಠ ಮುಚ್ಚುಮರೆಯಿಲ್ಲದ ಲೆಕ್ಕ.

ಈ ಸೀಮೆಯ ಹಿರಿಯರಿಗೂ ಆ ಗೆರೆ ತಿಳಿದಿತ್ತು. ಒಳ್ಳೆಯ ಬೆಳೆ ಬಂದ ವರ್ಷ ಅವರು ರಾಗಿಯನ್ನು ಹಗೇವಿಗೆ ತುಂಬಿ ಬಾಯಿ ಮುಚ್ಚುತ್ತಿದ್ದರು. ವರ್ಷಗಟ್ಟಲೆ ಇಟ್ಟರೂ ಹುಳು ಹಿಡಿಯದ ಧಾನ್ಯವದು. ಧಾತು, ಈಶ್ವರ ಸಂವತ್ಸರಗಳ ಘೋರ ಬರ (1876-78) ಮೈಸೂರು ಸೀಮೆಯನ್ನು ಸುಟ್ಟಂತಹ ದಿನಗಳಲ್ಲಿ ಹಗೇವಿನ ರಾಗಿಯೇ ಜೀವ. ಹಗೇವಿದ್ದವನನ್ನು ಯಾರೂ ಲೋಭಿಯೆನ್ನಲಿಲ್ಲ. ಬರದ ದಿನ ಹಗೇವನ್ನು ತೆರೆಯದವನನ್ನು ಲೋಭಿಯೆಂದರು. ಉಳಿತಾಯದ ಧರ್ಮಾಧರ್ಮ ತೀರ್ಮಾನವಾಗುವುದು ಮುಚ್ಚಿದ ದಿನವಲ್ಲ, ತೆರೆಯಬೇಕಾದ ದಿನ.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿ, ಸಿದ್ಧಗಂಗೆಯ ಪೀಠವನ್ನೇರಿ, 2019ರ ಜನವರಿ 21ರಂದು ಲಿಂಗೈಕ್ಯರಾದ ಡಾ. ಶಿವಕುಮಾರ ಮಹಾಸ್ವಾಮಿಗಳ ಬಾಳು ಈ ಮಾತಿಗೆ ಜೀವಂತ ವ್ಯಾಖ್ಯಾನ. ಜೋಳಿಗೆ ಹಿಡಿದು ಊರೂರು ತಿರುಗಿ, ಭಕ್ತರು ಕಣದಲ್ಲಿ ಕೊಟ್ಟ ರಾಗಿ, ಅಕ್ಕಿ, ಬೇಳೆಗಳನ್ನು ಕೂಡಿಸಿ, ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಉಣಿಸಿದರು. ನಾಳೆಯ ಗಂಜಿಗೆ ಇಂದೇ ಧಾನ್ಯ ಕೂಡಿಡದಿದ್ದರೆ ಆ ಒಲೆ ಉರಿಯುತ್ತಿರಲಿಲ್ಲ. ತಮಗೆಂದು ಏನನ್ನೂ ಇಟ್ಟುಕೊಳ್ಳದವರ ಕಣಜ ತುಂಬಿತ್ತು. ಅದನ್ನು ಸಂಗ್ರಹವೆಂದು ಯಾವ ಶರಣನೂ ದೂರಲಾರನು.

ತತ್ತ್ವ ಸ್ಪಷ್ಟವಾದ ಮೇಲೆ ಆಚರಣೆಯ ಮಾತು. ಸೋಮವಾರದ ಲಿಂಗಪೂಜೆ ಮುಗಿಸಿ ಏಳುವ ಮುನ್ನ ಮನೆಯವರೆಲ್ಲ ಒಂದೆಡೆ ಕುಳಿತು, ಒಂದು ಪುಸ್ತಕದಲ್ಲಿ ಮನೆಯ ಎಲ್ಲ ಸಾಲಗಳನ್ನು ಬರೆಯಲಿ. ಯಾರಿಗೆ, ಎಷ್ಟು, ಬಡ್ಡಿ ಏನು, ಕಂತು ಯಾವಾಗ ಎಂಬ ನಾಲ್ಕು ಕಲಮುಗಳು ಸಾಕು. ಗಿರವಿಯ ಚೀಟಿ, ಅಂಗಡಿಯ ಉದ್ರಿ, ನೆಂಟರ ಕೈಸಾಲ ಎಲ್ಲವೂ ಅದರಲ್ಲಿರಲಿ. ಅಂದು ಯಾರೂ ಯಾರನ್ನೂ ಹಳಿಯಬಾರದು. ಬೈಗುಳದ ಭಯವಿರುವ ಮನೆಯಲ್ಲಿ ಸಾಲ ಪುಸ್ತಕದೊಳಗೆ ಬಾರದೆ ಪೆಟ್ಟಿಗೆಯೊಳಗೆ ಅಡಗುತ್ತದೆ.

ಅನಂತರ ಬಡ್ಡಿಯನ್ನು ಒಂದೇ ಅಳತೆಗೆ ತರಬೇಕು. ಹಳ್ಳಿಯ ಕೈಸಾಲದ ಬಡ್ಡಿಯನ್ನು ನೂರಕ್ಕೆ ಮೂರು ರೂಪಾಯಿ ಎನ್ನುತ್ತಾರೆ. ಮೂರು ಎಂಬುದು ಕಿವಿಗೆ ಹಗುರ. ಆದರೆ ಅದು ತಿಂಗಳ ಲೆಕ್ಕ, ವರ್ಷಕ್ಕೆ ಮೂವತ್ತಾರು. ಬ್ಯಾಂಕು ಹೇಳುವ ಹತ್ತು ವರ್ಷದ ಲೆಕ್ಕ. ಚನ್ನಪಟ್ಟಣದ ಕಡೆಯ ಒಂದು ಕುಟುಂಬ 50,000 ರೂಪಾಯಿ ಕೈಸಾಲವನ್ನು ನೂರಕ್ಕೆ ಮೂರರಂತೆ ತಂದಿದೆಯೆಂದು ಊಹಿಸಿಕೊಳ್ಳಬಹುದು. ತಿಂಗಳಿಗೆ 1,500 ರೂಪಾಯಿ ಬಡ್ಡಿ. ಅಷ್ಟನ್ನೇ ತಪ್ಪದೆ ಕಟ್ಟುತ್ತ ಹೋದರೆ ಮೂರು ವರ್ಷಕ್ಕೆ 54,000 ಕಟ್ಟಿದಂತಾಯಿತು. ಅಸಲು 50,000 ಹಾಗೆಯೇ ಉಳಿಯಿತು. ಸಾಲ ಕೊಟ್ಟವನು ಅದನ್ನು ಪ್ರಾಮಾಣಿಕತೆಯೆಂದು ಹೊಗಳುತ್ತಾನೆ. ಮನೆ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಅದೇ ಕುಟುಂಬ ಹೇಗೋ ಸಾವಿರ ರೂಪಾಯಿ ಹೆಚ್ಚು ಹೊಂದಿಸಿ ತಿಂಗಳಿಗೆ 2,500 ಕಟ್ಟತೊಡಗಿದರೆ, ಬಡ್ಡಿ ಕಳೆದು ಮಿಕ್ಕುದು ಅಸಲಿಗೆ ಸೇರುತ್ತ 31 ತಿಂಗಳಲ್ಲಿ ಸಾಲ ತೀರುತ್ತದೆ. ಕಟ್ಟಿದ ಒಟ್ಟು ಹಣ ಸುಮಾರು 77,500. ಪೆಟ್ಟಿಗೆಯಲ್ಲಿರುವ ಸರವನ್ನು ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಅಡವಿಟ್ಟು, ವರ್ಷಕ್ಕೆ ನೂರಕ್ಕೆ ಹತ್ತರ ಬಡ್ಡಿಗೆ 50,000 ದೊರೆತು, ಕೈಸಾಲವನ್ನು ಅಂದೇ ತೀರಿಸಿ, ಬ್ಯಾಂಕಿಗೆ ಅದೇ 2,500ರಂತೆ ಕಟ್ಟುತ್ತ ಬಂದರೆ 22 ತಿಂಗಳಲ್ಲಿ ಸರ ಮನೆಗೆ ಮರಳುತ್ತದೆ. ಕಟ್ಟಿದ ಹಣ 55,000ದ ಒಳಗೆ. ದುಡಿಮೆ ಒಂದೇ, ಕಂತು ಒಂದೇ. ಉಳಿದುದು ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಹಣ ಮತ್ತು ಒಂಬತ್ತು ತಿಂಗಳ ನೆಮ್ಮದಿ. ಸಾಲ ತೀರಿಸಲು ಸಾಲ ಮಾಡಬಾರದೆಂಬ ಹಿರಿಯರ ಮಾತು ಸತ್ಯ. ಹೆಚ್ಚಿನ ಬಡ್ಡಿಯಿಂದ ಕಡಿಮೆ ಬಡ್ಡಿಗೆ ದಾಟಿಕೊಳ್ಳುವುದು ಮಾತ್ರ ಅದಕ್ಕೆ ಹೊರತು. ದಾಟಿದ ಮೇಲೆ ಹಳೆಯ ಬಾಗಿಲಿಗೆ ಮತ್ತೆ ಹೋಗಕೂಡದೆಂಬ ನೇಮವಿಲ್ಲದಿದ್ದರೆ ಅದೂ ವ್ಯರ್ಥ.

ಬೆಳೆಯ ಲಯಕ್ಕೂ ಕಂತಿನ ಲಯಕ್ಕೂ ಇರುವ ಅಂತರಕ್ಕೂ ಮನೆಯಲ್ಲಿಯೇ ಉಪಾಯವಿದೆ. ಹಾಲಿನ ಡೇರಿಯ ಬಟವಾಡೆ ಸಣ್ಣದಾದರೂ ನಿಯತವಾದುದು. ಅದನ್ನು ಕಂತಿಗೆ ಮೀಸಲಿಡಬಹುದು. ಗೂಡಿನ ಹಣ ದೊಡ್ಡದು, ಅನಿಯತವಾದುದು. ಅದು ಕೈಗೆ ಬಂದ ವಾರವೇ ಮೂರು ಪಾಲು ಮಾಡಿ, ಒಂದನ್ನು ಮುಂದಿನ ಬೆಳೆಯ ಮೊಟ್ಟೆ, ಗೊಬ್ಬರ, ಕೂಲಿಗೂ, ಒಂದನ್ನು ಅತಿ ಹೆಚ್ಚು ಬಡ್ಡಿಯ ಸಾಲದ ಅಸಲಿಗೂ, ಒಂದನ್ನು ಮನೆಗೂ ಕೊಡಬಹುದು. ಗೂಡು ಮಾರಿದ ಸಂಜೆಯೇ ಪೇಟೆಯಲ್ಲಿ ಮೊಬೈಲ್ ಫೋನು, ಟಿ.ವಿ. ಕೊಳ್ಳುವ ಆತುರವನ್ನು ಒಂದು ವಾರ ಮುಂದೂಡಿದರೆ ಅರ್ಧ ಆತುರ ತಾನಾಗಿ ಇಳಿಯುತ್ತದೆ.

ಸಾಲ ಪೂರ್ತಿ ತೀರಿದ ಮೇಲೆ ಉಳಿತಾಯ ಆರಂಭಿಸೋಣವೆಂದರೆ ಅದು ಆಗದ ಮಾತು. ಕೈಯಲ್ಲಿ ಏನೂ ಇಲ್ಲದವನು ಮಗುವಿಗೆ ಜ್ವರ ಬಂದ ದಿನವೇ ಮತ್ತೆ ಬಡ್ಡಿಯವನ ಮನೆಗೆ ನಡೆಯಬೇಕಾಗುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಒಂದು ಚಿಕ್ಕ ಪಾಲು ಪ್ರತ್ಯೇಕವಾಗಿರಬೇಕು. ಇದರ ರೀತಿಯನ್ನು ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಅಡುಗೆಗೆ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಮಠಕ್ಕೆಂದು ಬೇರೆ ಮಡಕೆಗೆ ಹಾಕುವ ಹಿಡಿಯಕ್ಕಿಯ ಪದ್ಧತಿ ಅವರದೇ. ಆ ಒಂದು ಹಿಡಿಯಿಂದ ಯಾವ ಮನೆಯೂ ಹಸಿದುದಿಲ್ಲ. ತಿಂಗಳ ಕೊನೆಗೆ ಮಡಕೆ ತುಂಬಿರುತ್ತಿತ್ತು. ಆ ಕೈಯ ಅಭ್ಯಾಸವನ್ನೇ ಹಣಕ್ಕೂ ತರಬಹುದು. ಅಂಚೆ ಕಚೇರಿಯ ಆವರ್ತ ಠೇವಣಿಗೆ ತಿಂಗಳಿಗೆ ನೂರು ರೂಪಾಯಿ ಸಾಕು. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬರುವ ಮನೆಗಳಲ್ಲಿ ಅದರ ಒಂದು ಪಾಲು ತಾಯಿಯ ಹೆಸರಿನಲ್ಲಿಯೇ ಉಳಿಯಬಹುದು. ಮೇಲೆ ಹೇಳಿದ ಕುಟುಂಬವು ಸರ ಬಿಡಿಸಿಕೊಂಡ ಮೇಲೂ ಅದೇ 2,500ನ್ನು ಕಂತೆಂದೇ ಭಾವಿಸಿ ಐದು ವರ್ಷ ಕಟ್ಟಿದರೆ, ಬಡ್ಡಿಯನ್ನು ಬಿಟ್ಟು 1,50,000 ರೂಪಾಯಿ ಕೂಡುತ್ತದೆ. ಸಾಲ ಕಲಿಸಿದ ಶಿಸ್ತು ಸಾಲ ತೀರಿದ ದಿನ ನಿಲ್ಲದಿರಲಿ.

ಇಷ್ಟು ಹೇಳಿ ಮಠಮಾನ್ಯಗಳ ಕಡೆಗೆ ಬೆರಳು ತೋರದಿದ್ದರೆ ಮಾತು ಅರ್ಧವಾದೀತು. ಜಾತ್ರೆಯ ದಾಸೋಹಕ್ಕೆ, ಪಾದಪೂಜೆಗೆ, ಪಲ್ಲಕ್ಕಿಯ ಉತ್ಸವಕ್ಕೆ ಸಾಲ ತಂದು ಕಾಣಿಕೆ ಕೊಡುವ ಭಕ್ತರಿದ್ದಾರೆ. ನೆರೆಯವನ ಹೆಸರು ಫಲಕದಲ್ಲಿ ಬಂದಿತೆಂದು ತನ್ನ ಹೆಸರೂ ಬರಬೇಕೆಂಬ ಹಂಬಲ ಅದರ ಹಿಂದಿರುತ್ತದೆ. ಶರಣರ ದೃಷ್ಟಿಯಲ್ಲಿ ದಾಸೋಹ ಸತ್ಯಶುದ್ಧ ಕಾಯಕದಿಂದ ಬಂದ ಪದಾರ್ಥದಿಂದ ಆಗಬೇಕು. ನೂರಕ್ಕೆ ಮೂರರ ಬಡ್ಡಿಯಲ್ಲಿ ತಂದ ಅಕ್ಕಿ ಯಾರ ಕಾಯಕದ ಫಲ? ಅದು ಸಾಲ ಕೊಟ್ಟವನ ಅಕ್ಕಿ; ಉಣ್ಣಿಸಿದವನಿಗೆ ಉಳಿಯುವುದು ಋಣ ಮಾತ್ರ. ಅಂತಹ ಕಾಣಿಕೆಯನ್ನು ಮಠಗಳು ಪ್ರೀತಿಯಿಂದಲೇ ಹಿಂದಿರುಗಿಸಿ, ಸಾಲ ತೀರಿಸಿ ಬಾ ಮಗು, ಅದೇ ನಮಗೆ ಕಾಣಿಕೆ ಎಂದು ಹೇಳುವಂತಾಗಬೇಕು. ಮಾರಯ್ಯನವರ ಹೆಚ್ಚಿನ ಅಕ್ಕಿಯನ್ನು ಲಕ್ಕಮ್ಮ ಹಿಂದಿರುಗಿಸಿದ ಕಥೆಯನ್ನು ಪ್ರವಚನದಲ್ಲಿ ಹೇಳುವ ಪೀಠಗಳಿಗೆ ಇದು ಅಸಾಧ್ಯವಲ್ಲ. ಮದುವೆಗಳ ವಿಷಯದಲ್ಲಿ ಅನೇಕ ಮಠಗಳು ಸಾಮೂಹಿಕ ವಿವಾಹಗಳ ಮೂಲಕ ದಾರಿ ತೋರಿವೆ. ಆದರೆ ಅನುಕೂಲಸ್ಥರು ಅದನ್ನು ಬಡವರ ಮದುವೆಯೆಂದು ಬಗೆದು ದೂರ ನಿಲ್ಲುವವರೆಗೆ, ಬಡವನೂ ಮಾನಕ್ಕಂಜಿ ಸಾಲ ಮಾಡಿ ಛತ್ರ ಹಿಡಿಯುತ್ತಾನೆ. ಉಳ್ಳವರು ಮೊದಲು ಆ ಸಾಲಿನಲ್ಲಿ ಬಂದು ಕುಳಿತರೆ ಇಲ್ಲದವರ ಮಾನ ತಾನಾಗಿ ಉಳಿಯುತ್ತದೆ.

ಇನ್ನೊಂದು ಕಹಿ ಮಾತೂ ಉಂಟು. ವಾರದ ಐದು ದಿನ ಮೀಟರ್ ಬಡ್ಡಿ ಎಣಿಸಿ, ಸೋಮವಾರ ವಿಭೂತಿ ಧರಿಸಿ ಮಠದ ಮುಂದಿನ ಸಾಲಿನಲ್ಲಿ ಕೂರುವವರೂ ಭಕ್ತರೆಂದೇ ಕರೆಸಿಕೊಳ್ಳುತ್ತಾರೆ. ಮಿತಿಮೀರಿದ ಬಡ್ಡಿಯನ್ನು 2004ರಷ್ಟು ಹಿಂದೆಯೇ ರಾಜ್ಯದ ಕಾಯಿದೆ ನಿಷೇಧಿಸಿದೆ. ಕಾಯಿದೆಗೂ ಮೊದಲೇ ಶರಣರ ಒಳಗಿನ ಕಾಯಿದೆ ಅದನ್ನು ನಿಷೇಧಿಸಿತ್ತು. ಮತ್ತೊಬ್ಬನ ಆಪತ್ತನ್ನು ಹಿಂಡಿ ಪಡೆದ ಹಣ ಕಾಯಕದ ಹಣವಾಗದು. ಅದರಿಂದ ಕಟ್ಟಿಸಿದ ದಾಸೋಹ ಭವನದ ಕಂಬವೂ ಅದನ್ನು ತೊಳೆಯಲಾರದು.

ಕೊನೆಗೆ, ಮಹಾಮನೆಯನ್ನು ಮತ್ತೆ ಕಟ್ಟುವ ಮಾತು. ಅದಕ್ಕೆ ಕನ್ನಡ ನೆಲದಲ್ಲಿಯೇ ಮೇಲ್ಪಂಕ್ತಿಯಿದೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ಇಡೀ ದೇಶಕ್ಕೆ ಮೊದಲನೆಯದು. ಊರಿನ ಹಣ ಊರಿನ ಆಪತ್ತಿಗೆ ಎಂಬ ಆ ಸರಳ ವಿಚಾರದಲ್ಲಿ ದಾಸೋಹದ ಪ್ರತಿಧ್ವನಿಯಿದೆ. ಇಂದಿಗೂ ಪ್ರಾಥಮಿಕ ಸಹಕಾರ ಸಂಘಗಳ ಮೂಲಕ, ಕಾಲಕ್ಕೆ ಸರಿಯಾಗಿ ಮರಳಿಸುವ ರೈತರಿಗೆ ಬಡ್ಡಿಯಿಲ್ಲದ ಬೆಳೆಸಾಲ ದೊರೆಯುತ್ತದೆ; 2023-24ರ ರಾಜ್ಯ ಆಯವ್ಯಯದಲ್ಲಿ ಅದರ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಲಾಯಿತು. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳಲ್ಲಿ ತಾಯಂದಿರು ತಮ್ಮ ಉಳಿತಾಯವನ್ನೇ ತಮ್ಮೊಳಗೆ ಸಾಲವಾಗಿ ತಿರುಗಿಸುತ್ತಾರೆ. ಬಡ್ಡಿಯೂ ಗುಂಪಿಗೇ ಮರಳುತ್ತದೆ. ಹೊರಗಿನವರು ತಂದು ಹಂಚುವ ಗುಂಪು ಸಾಲಕ್ಕೂ, ಒಳಗಿನವರು ಕೂಡಿಸಿ ಹಂಚಿಕೊಳ್ಳುವ ಗುಂಪಿನ ಉಳಿತಾಯಕ್ಕೂ ಇರುವ ಅಂತರವನ್ನು ಭಕ್ತರು ಅರಿಯಬೇಕು. ನಾಲ್ಕು ತಾಲ್ಲೂಕುಗಳ ಒಂದೊಂದು ಊರಿನಲ್ಲಿ ಹತ್ತು ಹದಿನೈದು ಮನೆಗಳು ಸೇರಿ ಇಂತಹ ಒಂದು ಆಪತ್ತಿನ ಹಗೇವನ್ನು ತೋಡಿಕೊಂಡರೆ, ನಡುರಾತ್ರಿಯ ಎದೆನೋವಿಗೆ ಬಡ್ಡಿಯವನ ಬಾಗಿಲು ತಟ್ಟಬೇಕಾಗದು.

ಸಾಲದ ಭಾರದಲ್ಲಿ ಎದೆಗುಂದಿದ ಬಂಧುಗಳು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಕಾಯವೇ ಶಿವನ ಆಲಯವೆಂದು ಬಗೆದ ಧರ್ಮದಲ್ಲಿ ಯಾವ ಸಾಲವೂ ಆ ಕಾಯಕ್ಕಿಂತ ದೊಡ್ಡದಲ್ಲ. ಸಾಲ ತೀರದ ದಿನಗಳು ಬಂದಾವು. ಅಂದು ಮಠದ ಬಾಗಿಲಿಗೆ, ನೆರೆಯವರ ಜಗಲಿಗೆ ಬಂದು ಬಾಯಿಬಿಟ್ಟು ಹೇಳುವುದು ನಾಚಿಕೆಯ ಸಂಗತಿಯಲ್ಲ. ನಿದ್ದೆ ಬಾರದ ಇರುಳಿನಲ್ಲಿ ಮಾತನಾಡಲು ಯಾರೂ ಇಲ್ಲವೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಆ ಕಡೆಯಿಂದ ಕನ್ನಡದಲ್ಲಿಯೇ ದನಿ ಕೇಳುತ್ತದೆ.

ಮುಂದಿನ ಸೋಮವಾರ ಪೂಜೆಯ ಮಣೆಯ ಬಳಿ ಒಂದು ಲೆಕ್ಕದ ಪುಸ್ತಕವೂ, ಅಡುಗೆಮನೆಯಲ್ಲಿ ಒಂದು ಚಿಕ್ಕ ಮಡಕೆಯೂ ಇರಲಿ. ಪುಸ್ತಕದಲ್ಲಿ ಸಾಲ ಒಂದೊಂದು ಗೆರೆಯಾಗಿ ಅಳಿಯುತ್ತ ಹೋಗಲಿ, ಮಡಕೆ ಒಂದೊಂದು ಹಿಡಿಯಾಗಿ ತುಂಬುತ್ತ ಬರಲಿ. ಮೊದಲನೆಯದು ಬರಿದಾಗಿ ಎರಡನೆಯದು ತುಂಬಿದ ದಿನ ಆ ಮನೆಯ ಧನ ಮತ್ತೆ ಆ ಮನೆಯದಾಗುತ್ತದೆ. ಅಂದು ಆ ಮನೆಯವರು ಉಣಿಸುವ ಒಂದು ತುತ್ತು ನಿಜವಾದ ದಾಸೋಹವಾಗುತ್ತದೆ.